ಯೇಸುವನ್ನು ಬಿಟ್ಟರೆ ಪಾಪವೇ ಮಾಡದ ಮನುಷ್ಯರು ಯಾರಾದರೂ ಇದ್ದರಾ?

ಧಾರವಾಡದ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಸಭೆಯ ಸಂಡೇಸ್ಕೂಲಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮಕ್ಕಳ ಪ್ರಶ್ನೆಗೆ ತಡವರಿಸುವುದು ನನಗೆ ಹೊಸದಲ್ಲ. ಆದರೆ ಈ ಭಾನುವಾರದ ಪ್ರಶ್ನೆ ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ.

ಹೋದ ವಾರ ಮಕ್ಕಳಿಗೆ ರೋಮಾಪುರದವರಿಗೆ ಬರೆದ ಪತ್ರದ 3:23 ಬಾಯಿಪಾಠ ಮಾಡಿಸಿದ್ದೆ. ಎಲ್ಲರೂ ಪಾಪ ಮಾಡಿದ್ದಾರೆ ಅನ್ನುವ ವಚನ. ಈ ವಾರ ಲೂಕನ ಮೊದಲ ಅಧ್ಯಾಯ ಇತ್ತು. ಆರನೇ ವಚನದಲ್ಲಿ ಜಕರೀಯ ಮತ್ತು ಎಲಿಸಬೇತ ದೇವರ ಮುಂದೆ ನೀತಿವಂತರು, ಎಲ್ಲ ಆಜ್ಞೆಗಳನ್ನೂ ತಪ್ಪಿಲ್ಲದೆ ನಡೆಸುತ್ತಿದ್ದವರು ಅಂತ ಬರುತ್ತದೆ. ಹತ್ತು ವರ್ಷದ ಒಬ್ಬ ಹುಡುಗಿ ಎರಡೂ ಪುಟಕ್ಕೆ ಬೆರಳಿಟ್ಟುಕೊಂಡು ಎದ್ದು ನಿಂತಳು. 'ಟೀಚರ್, ಎಲ್ಲರೂ ಪಾಪ ಮಾಡಿದ್ದಾರೆ ಅಂದ್ರಿ. ಇಲ್ಲಿ ಇವರಿಬ್ಬರೂ ತಪ್ಪಿಲ್ಲದವರು ಅಂತ ಇದೆ. ಯಾವುದು ನಿಜ?'

'ಮುಂದಿನ ವಾರ ಹೇಳ್ತೀನಿ' ಅಂದೆ. ಸುಮ್ನೆ ಸಮಾಧಾನಕ್ಕೆ ಏನೋ ಹೇಳಿ ಕಳಿಸುವುದು ನನಗೆ ಇಷ್ಟವಿಲ್ಲ. ಆ ಮಗು ಎರಡು ಪುಟ ಜೋಡಿಸಿ ನೋಡಿದೆ. ನಾನೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು ಅಲ್ವಾ?

ನೋಹ, ಯೋಬ, ಹನೋಕ ಇವರ ಬಗ್ಗೆಯೂ ಇಂಥದೇ ಮಾತುಗಳಿವೆ. ತಿಳಿದವರು ದಯವಿಟ್ಟು ಬರೆಯಿರಿ. ಬೇರೆ ಸಭೆಯವರು, ಬೇರೆ ಧರ್ಮದವರು ಏನು ನಂಬುತ್ತಾರೆ ಅನ್ನುವುದನ್ನೂ ಕೇಳುವ ಆಸೆ ಇದೆ.

ನಿವೃತ್ತ ಸಭಾಪಾಲಕ, ಉಡುಪಿ

ಟೀಚರ್, ಆ ಮಗುವಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ. ಈ ಎರಡು ವಚನಗಳನ್ನು ಅಕ್ಕಪಕ್ಕ ಇಟ್ಟು ದೊಡ್ಡ ದೊಡ್ಡವರು ಜಗಳ ಆಡಿದ್ದಾರೆ.

ಮೊದಲು ಪದಗಳನ್ನು ನೋಡೋಣ. ಹಳೆ ಒಡಂಬಡಿಕೆಯಲ್ಲಿ ಪಾಪ ಮಾಡುವುದಕ್ಕೆ ಜಾಸ್ತಿ ಬಳಸುವ ಹೀಬ್ರೂ ಕ್ರಿಯಾಪದದ ಮೂಲ ಅರ್ಥ ಗುರಿ ತಪ್ಪುವುದು. ನ್ಯಾಯಸ್ಥಾಪಕರು 20:16 ತೆಗೆದು ನೋಡಿ. ಬೆನ್ಯಾಮೀನನ ಕುಲದಲ್ಲಿ ಏಳುನೂರು ಮಂದಿ ಎಡಗೈಯವರು ಇದ್ದರಂತೆ. ಕೂದಲೆಳೆಗೆ ಕವಣೆ ಬೀಸಿದರೂ ಗುರಿ ತಪ್ಪುತ್ತಿರಲಿಲ್ಲವಂತೆ. ಅಲ್ಲಿರುವುದು ಇದೇ ಕ್ರಿಯಾಪದ. ಹೊಸ ಒಡಂಬಡಿಕೆಯ ಗ್ರೀಕ್ ಪದ ಹಮಾರ್ತಿಯ. ಅದರ ಹಿಂದೆಯೂ ಗುರಿ ತಪ್ಪುವ ಅರ್ಥವೇ ಇದೆ.

ಆದಿಕಾಂಡ 6:9ರಲ್ಲಿ ನೋಹನಿಗೆ ಹೇಳಿರುವ ಪದ ಬೇರೆ, ತಾಮೀಮ್. ಯಾಜಕಕಾಂಡದಲ್ಲಿ ಹೋಮಕ್ಕೆ ತರುವ ಪ್ರಾಣಿಗೂ ಇದೇ ಪದ. ಕುಂಟಿಲ್ಲ, ಕುರುಡಿಲ್ಲ, ಊನವಿಲ್ಲ, ಇಡಿಯಾಗಿದೆ ಅಂತ ಅರ್ಥ. ಮನುಷ್ಯನಿಗೆ ಹೇಳಿದಾಗ ಮನಸ್ಸು ಎರಡಾಗಿಲ್ಲದವನು, ದೇವರ ಕಡೆ ಇಡಿಯಾಗಿ ನಿಂತವನು ಎಂದಾಗುತ್ತದೆ. ಒಮ್ಮೆಯೂ ಗುರಿ ತಪ್ಪದವನು ಅಂತ ಅದು ಹೇಳುವುದಿಲ್ಲ.

ಇದು ನನ್ನ ಜಾಣತನದ ಅರ್ಥವಲ್ಲ, ಬೈಬಲೇ ಇದಕ್ಕೆ ಸಾಕ್ಷಿ ಕೊಡುತ್ತದೆ. ಆದಿಕಾಂಡ 17:1ರಲ್ಲಿ ದೇವರು ಅಬ್ರಹಾಮನಿಗೆ ನನ್ನ ಮುಂದೆ ನಡೆಯುತ್ತಾ ತಾಮೀಮ್ ಆಗಿರು ಅನ್ನುತ್ತಾನೆ. 12ನೇ ಅಧ್ಯಾಯದಲ್ಲೇ ಅವನು ಐಗುಪ್ತದಲ್ಲಿ ಹೆಂಡತಿಯನ್ನು ತಂಗಿ ಅಂದಿದ್ದ. 20ನೇ ಅಧ್ಯಾಯದಲ್ಲಿ ಗೆರಾರಿನಲ್ಲಿ ಮತ್ತೆ ಅದೇ ಮಾತು. ಆದರೂ ದೇವರು ಅವನನ್ನು ಬಿಡಲಿಲ್ಲ. ನೋಹ ಪ್ರಳಯ ಇಳಿದ ಮೇಲೆ ದ್ರಾಕ್ಷಿ ಬೆಳೆದು, ಕುಡಿದು, ಗುಡಾರದಲ್ಲಿ ಮೈಮೇಲೆ ಬಟ್ಟೆ ಇಲ್ಲದೆ ಬಿದ್ದಿದ್ದ. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ.

ಜಕರೀಯನ ವಿಷಯ ಇನ್ನೂ ಹತ್ತಿರ. ಅವನು ತಪ್ಪಿಲ್ಲದವನು ಅಂತ ಬರೆದದ್ದು ಆರನೇ ವಚನದಲ್ಲಿ. ಹದಿನೆಂಟನೇ ವಚನದಲ್ಲಿ, ನಿನಗೆ ಮಗ ಹುಟ್ಟುತ್ತಾನೆ ಎಂದ ದೇವದೂತ ಗಬ್ರಿಯೇಲನ ಮಾತು ನಂಬದೆ, ಇದನ್ನು ನಾನು ಹೇಗೆ ತಿಳಿಯಲಿ ಅಂತ ಕೇಳುತ್ತಾನೆ. ಇಪ್ಪತ್ತನೇ ವಚನಕ್ಕೆ ಮಾತೇ ನಿಂತುಹೋಗುತ್ತದೆ. ನಡುವೆ ಹದಿನಾಲ್ಕು ವಚನ ಮಾತ್ರ. ಬರೆದದ್ದು ಒಬ್ಬನೇ ಲೂಕ. ಅವನಿಗೆ ಇದು ವಿರೋಧ ಅನ್ನಿಸಲಿಲ್ಲ.

ಬೆಂಗಳೂರು ಹುಡುಗ

ಪಾಸ್ಟರ್, ಹಾಗಾದರೆ ಯೇಸುವಿಗೆ ಹೇಳಿದ್ದು ಬೇರೆ ಪದವಾ? ಅವರಿಗೂ 'ಇಡಿಯಾದವರು' ಅಂತಲೇ ಅರ್ಥ ಮಾಡಬಹುದಲ್ವಾ? ಮಾರ್ಕ 10:18ರಲ್ಲಿ ಅವರೇ ನನ್ನನ್ನು ಯಾಕೆ ಒಳ್ಳೆಯವನು ಅನ್ನುತ್ತೀ, ದೇವರೊಬ್ಬನೇ ಒಳ್ಳೆಯವನು ಅಂದಿದ್ದಾರೆ. ನನಗೆ ನಿಜವಾಗಿ ತಿಳಿಯಬೇಕು.

ನಿವೃತ್ತ ಸಭಾಪಾಲಕ, ಉಡುಪಿ

ಒಳ್ಳೆಯ ಪ್ರಶ್ನೆ ತಮ್ಮಾ. ಇಬ್ರಿಯ 4:15 ನೋಡು. ನಮ್ಮ ಹಾಗೆ ಎಲ್ಲದರಲ್ಲೂ ಶೋಧನೆಗೆ ಒಳಗಾದರು, ಆದರೆ ಪಾಪವಿಲ್ಲದೆ. ಅಲ್ಲಿ ನೇರವಾಗಿ ಹಮಾರ್ತಿಯ ಎಂಬ ಪದವೇ ಇದೆ. 1 ಪೇತ್ರ 2:22 ಅವರು ಪಾಪ ಮಾಡಲಿಲ್ಲ ಅನ್ನುತ್ತದೆ, 2 ಕೊರಿಂಥ 5:21 ಪಾಪವನ್ನು ಅರಿಯದವರು ಅನ್ನುತ್ತದೆ. ಜಕರೀಯನಿಗೆ ಲೂಕ ಬಳಸಿದ್ದು ಅಮೆಂಪ್ತೊಸ್, ಬೆರಳು ತೋರಿಸಿ ದೂರಲಾಗದವನು. ಪೌಲ ಫಿಲಿಪ್ಪಿ 3:6ರಲ್ಲಿ ಧರ್ಮಶಾಸ್ತ್ರದ ಲೆಕ್ಕದಲ್ಲಿ ನಾನು ಅಮೆಂಪ್ತೊಸ್ ಆಗಿದ್ದೆ ಎಂದು ತನಗೇ ಹೇಳಿಕೊಳ್ಳುತ್ತಾನೆ. ಅದೇ ವಚನದಲ್ಲಿ ಸಭೆಯನ್ನು ಹಿಂಸೆಪಡಿಸಿದ್ದನ್ನೂ ಹೇಳುತ್ತಾನೆ. ಆಚರಣೆಯಲ್ಲಿ ಒಂದೂ ತಪ್ಪಿಲ್ಲದೆ ಇಷ್ಟು ದೊಡ್ಡ ಪಾಪ ಮಾಡಬಹುದು! ನನ್ನನ್ನು ಜಾಸ್ತಿ ಹೆದರಿಸಿದ ವಚನ ಇದು.

ಮಾರ್ಕ 10:18ರಲ್ಲಿ ಯೇಸು ನಾನು ಪಾಪಿ ಅನ್ನುತ್ತಿಲ್ಲ. ಒಳ್ಳೆಯ ಬೋಧಕನೇ ಅಂತ ಮರ್ಯಾದೆಗೆ ಅಂದವನಿಗೆ, ಆ ಮಾತಿನ ತೂಕ ಗೊತ್ತಾ ಅಂತ ಕೇಳುತ್ತಿದ್ದಾರೆ. ಅದೇ ಯೇಸು ಯೋಹಾನ 8:46ರಲ್ಲಿ, ನನ್ನಲ್ಲಿ ಪಾಪ ತೋರಿಸುವವರು ನಿಮ್ಮಲ್ಲಿ ಯಾರಿದ್ದೀರಿ ಅಂತ ಎದುರು ನಿಂತು ಕೇಳಿದ್ದಾರೆ.

ಮೊಂತಿಹೂವು, ಮಂಗಳೂರು

ನಾನು ಕಥೋಲಿಕಳು. ಇಲ್ಲಿ ಇನ್ನೂ ಮಾತೆ ಮರಿಯಮ್ಮನವರ ಹೆಸರೇ ಬಂದಿಲ್ಲ. ನನಗೆ ಸುಮ್ಮನಿರಲು ಆಗಲಿಲ್ಲ.

ನಮ್ಮ ಕಡೆ ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಪಾದ್ರಿಗಳು ಆಶೀರ್ವದಿಸಿ ಕೊಡುತ್ತಾರೆ. ಮನೆಯಲ್ಲಿ ಆ ಹೊಸ ಅಕ್ಕಿ ಸೇರಿಸಿ ಎಲ್ಲರೂ ಒಟ್ಟಿಗೆ ಊಟ ಮಾಡುತ್ತೇವೆ, ಅವತ್ತು ಮೀನು ಮಾಂಸ ಇಲ್ಲ. ಅದು ಮರಿಯಮ್ಮನವರ ಹುಟ್ಟುಹಬ್ಬ. ಅಲ್ಲಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 8. ಅದು ಅವರು ತಾಯಿಯ ಗರ್ಭದಲ್ಲಿ ಮೂಡಿದ ದಿನದ ಹಬ್ಬ.

ಇಲ್ಲಿ ತುಂಬ ಜನ ತಪ್ಪು ತಿಳಿಯುತ್ತಾರೆ. ನಮ್ಮವರೇ ಎಷ್ಟೋ ಮಂದಿ ಇದನ್ನು ಕನ್ನಿಕೆಯಲ್ಲಿ ಯೇಸು ಹುಟ್ಟಿದ ವಿಷಯ ಅಂದುಕೊಂಡಿದ್ದಾರೆ. ಇದು ಬೇರೆ. ಮರಿಯಮ್ಮನಿಗೆ ಎಲ್ಲರ ಹಾಗೆ ತಂದೆ ತಾಯಿ ಇದ್ದರು. ಆದರೆ ಜೀವ ಮೂಡಿದ ಕ್ಷಣದಿಂದಲೇ ಆದಾಮನಿಂದ ಬಂದ ಪಾಪದ ಕಲೆ ಅವರಿಗೆ ತಗಲದಂತೆ ದೇವರು ಕಾಪಾಡಿದರು ಅನ್ನುವುದು ನಮ್ಮ ನಂಬಿಕೆ. ಒಂಬತ್ತನೇ ಪಯಸ್ ಪೋಪ್ 1854ರ ಡಿಸೆಂಬರ್ 8ರಂದು ಇದನ್ನು ಅಧಿಕೃತವಾಗಿ ಘೋಷಿಸಿದರು. ಬದುಕಿಡೀ ಅವರು ಸಣ್ಣ ಪಾಪವನ್ನೂ ಮಾಡಲಿಲ್ಲ ಅನ್ನುವುದು ಇನ್ನೂ ಹಳೆಯದು. 1547ರಲ್ಲಿ ನಮ್ಮ ಬಿಷಪರ ಟ್ರೆಂಟ್ ಮಹಾಸಭೆ, ದೇವರ ವಿಶೇಷ ವರವಿಲ್ಲದೆ ಯಾರೂ ಬದುಕಿಡೀ ಎಲ್ಲ ಸಣ್ಣ ಪಾಪಗಳನ್ನೂ ತಪ್ಪಿಸಿಕೊಳ್ಳಲಾರರು ಅಂದಿತು, ಮರಿಯಮ್ಮನಿಗೆ ಆ ವರ ಇತ್ತು ಎಂದು ಸಭೆ ನಂಬುತ್ತದೆ ಅಂತಲೂ ಸೇರಿಸಿತು.

ಲೂಕ 1:28ರಲ್ಲಿ ದೂತ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಕೃಪೆ ತುಂಬಿದವಳೇ ಅಂದ. ನನ್ನ ಅಜ್ಜಿ ದಿನಾ ರಾತ್ರಿ ಜಪಸರ ಹಿಡಿದು ಆ ಮಾತನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಟೀಚರ್, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು. ಒಬ್ಬರಿದ್ದಾರೆ.

ಬೆಂಗಳೂರು ಹುಡುಗ

ಅಕ್ಕಾ, ಲೂಕ 1:47ರಲ್ಲಿ ಮರಿಯಳೇ ನನ್ನ ರಕ್ಷಕನಾದ ದೇವರು ಅನ್ನುತ್ತಾರಲ್ಲ. ಪಾಪವೇ ಇಲ್ಲದವರಿಗೆ ರಕ್ಷಕ ಯಾಕೆ?

ಮೊಂತಿಹೂವು, ಮಂಗಳೂರು

ಇದೇ ಪ್ರಶ್ನೆ ನಮ್ಮ ದೊಡ್ಡ ದೈವಶಾಸ್ತ್ರಜ್ಞ ಸಂತ ಥೋಮಸ್ ಅಕ್ವಿನಾಸರನ್ನೂ ತಡೆದು ನಿಲ್ಲಿಸಿತ್ತು ತಮ್ಮಾ. ಪಾಪ ತಾಗಿಯೇ ಇಲ್ಲ ಅಂದರೆ ಕ್ರಿಸ್ತನ ರಕ್ಷಣೆ ಅವರಿಗೆ ಬೇಕಾಗಿರಲಿಲ್ಲ ಅಂದಂತಾಗುತ್ತದೆ ಅಂತ ಅವರು ಒಪ್ಪಲಿಲ್ಲ. ಹುಟ್ಟುವ ಮೊದಲೇ, ಗರ್ಭದಲ್ಲೇ ಶುದ್ಧರಾದರು ಅಂದರು. ಅವರ ನಂತರ ಬಂದ ಡನ್ಸ್ ಸ್ಕೋಟಸ್ ಉತ್ತರ ಕೊಟ್ಟರು. ಅವರು 1308ರಲ್ಲಿ ತೀರಿಕೊಂಡರು. ನಾನು ಅದನ್ನು ನಮ್ಮೂರಿನ ಹಾಗೆ ಹೇಳುತ್ತೇನೆ. ಬಾವಿಗೆ ಬಿದ್ದವರನ್ನು ಹಗ್ಗ ಹಾಕಿ ಎತ್ತುವುದೂ ಕಾಪಾಡಿದ ಹಾಗೆ. ಬೀಳುವ ಮೊದಲೇ ರಟ್ಟೆ ಹಿಡಿದು ಎಳೆದುಕೊಳ್ಳುವುದೂ ಕಾಪಾಡಿದ ಹಾಗೆ. ಮರಿಯಮ್ಮನನ್ನು ಕಾಪಾಡಿದ್ದು ಎರಡನೆಯ ರೀತಿ, ಅದೂ ಮುಂದೆ ಬರಲಿದ್ದ ಯೇಸುವಿನ ಪುಣ್ಯದಿಂದಲೇ.

ನಿವೃತ್ತ ಸಭಾಪಾಲಕ, ಉಡುಪಿ

ತಂಗೀ, ನಿಮ್ಮ ಅಜ್ಜಿಯ ಭಕ್ತಿಗೆ ನನ್ನ ನಮಸ್ಕಾರ. ಭಿನ್ನಮತವನ್ನು ಮಾತ್ರ ಬಿಚ್ಚಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಲೂಕ 1:28ರ ಗ್ರೀಕ್ ಕ್ರಿಯಾಪದವೇ ಎಫೆಸ 1:6ರಲ್ಲಿ ನಂಬಿದ ಎಲ್ಲರಿಗೂ ಬಂದಿದೆ. ಅಪೊಸ್ತಲರ ಕೃತ್ಯಗಳು 6:8ರ ಹಳೆಯ ಗ್ರೀಕ್ ಪ್ರತಿಗಳಲ್ಲಿ ಸ್ತೆಫನನನ್ನು ಕೃಪೆಯಿಂದ ತುಂಬಿದವನು ಅನ್ನಲಾಗಿದೆ. ಸ್ತೆಫನನಲ್ಲಿ ಪಾಪವೇ ಇರಲಿಲ್ಲ ಅಂತ ಯಾವ ಸಭೆಯೂ ಹೇಳಲಿಲ್ಲ. ಸಭಾಪಿತೃಗಳಲ್ಲೂ, ಅಂದರೆ ಮೊದಲ ಶತಮಾನಗಳ ಸಭೆಯ ಬೋಧಕರಲ್ಲೂ, ಒಮ್ಮತ ಇರಲಿಲ್ಲ. ಲೂಕ 2:35ರಲ್ಲಿ ನಿನ್ನ ಪ್ರಾಣವನ್ನು ಕತ್ತಿ ತಿವಿಯುತ್ತದೆ ಅಂತ ಸಿಮೆಯೋನ ಮರಿಯಳಿಗೆ ಹೇಳುತ್ತಾನಲ್ಲ, ಆ ಕತ್ತಿಯನ್ನು ಶಿಲುಬೆಯ ಹೊತ್ತಿನಲ್ಲಿ ಮರಿಯಳ ಮನಸ್ಸನ್ನು ಚುಚ್ಚಿದ ಸಂದೇಹ ಅಂತ ಒರಿಗೆನ್ ಓದಿದ. ಯೇಸು ಬೋಧಿಸುತ್ತಿದ್ದಾಗ ತಾಯಿ ಹೊರಗೆ ನಿಂತು ಕರೆಸಿದ್ದರಲ್ಲಿ ಸ್ವಲ್ಪ ಹೆಮ್ಮೆ ಇತ್ತು ಅಂತ ಕ್ರಿಸೊಸ್ತೊಮ್ ಬೋಧಿಸಿದ. ಮರಿಯಳನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಬೈಬಲ್ ಬಾಯಿಬಿಟ್ಟು ಹೇಳದ್ದನ್ನು ಕಡ್ಡಾಯ ನಂಬಿಕೆ ಮಾಡಲು ನನ್ನಿಂದಾಗದು.

ಬ್ರಹ್ಮಾವರದವ

ಇಬ್ಬರ ಮಧ್ಯೆ ನಮ್ಮದೂ ಒಂದು ಮಾತು. ನಾವು ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯವರು. ಮನೆಮಾತು ಕೊಂಕಣಿ, ಆರಾಧನೆ ಸುರಿಯಾನಿ ಸಂಪ್ರದಾಯದ್ದು. ನಮ್ಮನ್ನು ಕಥೋಲಿಕರು ಅಂದುಕೊಳ್ಳುವವರೇ ಜಾಸ್ತಿ.

ನಾವು 1854ರ ಘೋಷಣೆಯನ್ನು ಒಪ್ಪುವುದಿಲ್ಲ. ಆದರೂ ದೇವಮಾತೆಯನ್ನು ಎಲ್ಲ ಸಂತರಿಗಿಂತ ಮೇಲೆ, ಪರಿಶುದ್ಧಳು ಅಂತಲೇ ಹಾಡುತ್ತೇವೆ. ಇದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಆದಾಮನ ಅಪರಾಧದ ಹೊಣೆ ಹುಟ್ಟುವ ಮಗುವಿನ ತಲೆಗೆ ಬರುತ್ತದೆ ಅಂತ ಪೂರ್ವದ ಸಭೆಗಳು ಕಲಿಸುವುದಿಲ್ಲ. ನಮಗೆ ಬಂದದ್ದು ಸಾವು, ಮತ್ತೆ ಪಾಪದ ಕಡೆ ವಾಲುವ ದುರ್ಬಲ ಸ್ವಭಾವ. ಅಪರಾಧವೇ ಬಂದಿಲ್ಲ ಅಂದಮೇಲೆ ಅದರಿಂದ ಬಿಡುಗಡೆಯ ಘೋಷಣೆ ಯಾಕೆ ಬೇಕು? ಅವರೂ ನಮ್ಮ ಹಾಗೆ ಸಾಯುವ ದೇಹ ಹೊತ್ತು ಹುಟ್ಟಿದರು. ದೂತ ಬಂದು ಹೇಳಿದಾಗ ಅದೇ ದೇಹದಲ್ಲಿ ದೇವರಿಗೆ ಆಗಲಿ ಅಂದರು. ಆ 'ಆಗಲಿ'ಯ ತೂಕ ನಮಗೆ ದೊಡ್ಡದು.

ಭಟ್ಕಳದ ಓದುಗ

ಅಸ್ಸಲಾಮು ಅಲೈಕುಮ್. ಟೀಚರ್ ಬೇರೆ ಧರ್ಮದವರನ್ನೂ ಕೇಳಿದ್ದಕ್ಕೆ ಖುಷಿಯಾಯಿತು.

ಕುರ್‌ಆನಿನ 3:36ರಲ್ಲಿ ಮರ್ಯಮರ ತಾಯಿ, ಇವಳನ್ನೂ ಇವಳ ಸಂತತಿಯನ್ನೂ ಸೈತಾನನಿಂದ ಕಾಪಾಡು ಎಂದು ಬೇಡುತ್ತಾರೆ. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಇದೆ. ಹುಟ್ಟುವ ಪ್ರತಿ ಮಗುವನ್ನೂ ಸೈತಾನ ಮುಟ್ಟುತ್ತಾನೆ, ಅದಕ್ಕೇ ಮಗು ಚೀರುತ್ತದೆ, ಮರ್ಯಮ್ ಮತ್ತು ಅವರ ಮಗನನ್ನು ಬಿಟ್ಟು. ಮೊಂತಿಹೂವು ಅಕ್ಕ ಹೇಳಿದ್ದನ್ನು ಓದುವಾಗ ಅದೇ ನೆನಪಾಯಿತು.

ನಮ್ಮಲ್ಲಿ ಆದಮರ ಪಾಪ ಮಕ್ಕಳಿಗೆ ಬರುವುದಿಲ್ಲ. ಅವರು ತಪ್ಪೊಪ್ಪಿಕೊಂಡರು, ಅಲ್ಲಾಹ್ ಕ್ಷಮಿಸಿದ, ಮುಗಿಯಿತು. ಪ್ರವಾದಿಗಳನ್ನು ಅಲ್ಲಾಹ್ ಪಾಪದಿಂದ ಕಾಯುತ್ತಾನೆ ಎಂಬ ನಂಬಿಕೆಗೆ ಇಸ್ಮತ್ ಅನ್ನುತ್ತೇವೆ. ಸಣ್ಣ ಎಡವು ಆಗಬಹುದೇ ಅನ್ನುವುದರಲ್ಲಿ ಸುನ್ನಿ ವಿದ್ವಾಂಸರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ಹನ್ನೆರಡು ಇಮಾಮರನ್ನು ನಂಬುವ ಶಿಯಾಗಳು ಹದಿನಾಲ್ಕು ಮಾಸೂಮರನ್ನು, ಅಂದರೆ ಪಾಪವಿಲ್ಲದವರನ್ನು, ಎಣಿಸುತ್ತಾರೆ. ಪ್ರವಾದಿ, ಅವರ ಮಗಳು ಫಾತಿಮಾ, ಹನ್ನೆರಡು ಇಮಾಮರು.

ನಿವೃತ್ತ ಸಭಾಪಾಲಕ, ಉಡುಪಿ

ಭಾಯಿ, ವಿವರವಾಗಿ ಬರೆದಿದ್ದೀರಿ, ಸಂತೋಷ. ಯೆಹೂದ್ಯರದ್ದೂ ಒಂದನ್ನು ಸೇರಿಸುತ್ತೇನೆ. ಪ್ರಸಂಗಿ 7:20 ಪಾಪ ಮಾಡದ ನೀತಿವಂತ ಭೂಮಿ ಮೇಲೆ ಇಲ್ಲ ಅನ್ನುತ್ತದೆ. ಆದರೂ ಯೆಹೂದ್ಯ ಗುರುಗಳ ಗ್ರಂಥ ತಾಲ್ಮೂದಿನಲ್ಲಿ ನಾಲ್ವರ ಪಟ್ಟಿ ಇದೆ. ಯಾಕೋಬನ ಮಗ ಬೆನ್ಯಾಮೀನ, ಮೋಶೆಯ ತಂದೆ ಅಮ್ರಾಮ, ದಾವೀದನ ತಂದೆ ಇಷಯ, ದಾವೀದನ ಮಗ ಕಿಲಾಬ. ಇವರು ತಮ್ಮ ಪಾಪದಿಂದ ಸಾಯಲಿಲ್ಲ, ಏದೆನಿನ ಸರ್ಪದ ದೆಸೆಯಿಂದ ಮಾತ್ರ ಸತ್ತರು ಅಂತ. ಮೋಶೆಯೂ ಇಲ್ಲ, ದಾವೀದನೂ ಇಲ್ಲ, ಅವರ ಅಪ್ಪಂದಿರು ಇದ್ದಾರೆ! ಕಿಲಾಬನ ಹೆಸರು 2 ಸಮುವೇಲ 3:3ರಲ್ಲಿ ಒಂದು ಸಲ ಬಂದು ಹೋಗುತ್ತದೆ.

ಇನ್ನು ಆ ಮಗುವಿನ ಪ್ರಶ್ನೆಗೆ ಸುಮಾರು 1,600 ವರ್ಷದ ಹಿಂದೆ ನಡೆದ ದೊಡ್ಡ ವಾದವನ್ನು ಹೇಳಲೇಬೇಕು. ಪೆಲಾಗಿಯಸ್ ಎಂಬಾತ, ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬದುಕಬಲ್ಲ ಅಂತ ಒಂದು ಪಟ್ಟಿ ಕೊಟ್ಟ. ಹೇಬೆಲ, ಹನೋಕ, ಯೋಸೇಫ, ದಾನಿಯೇಲ, ದೆಬೋರ, ಎಸ್ತೇರ, ಎಲಿಸಬೇತ, ಹೀಗೆ. ಹೇಬೆಲನ ವಿಷಯದಲ್ಲಿ ಅವನ ವಾದ ಚೆನ್ನಾಗಿತ್ತು. ಆಗ ಲೋಕದಲ್ಲಿ ಇದ್ದದ್ದೇ ನಾಲ್ಕು ಜನ. ಮೂವರ ಪಾಪ ಬರೆದ ಗ್ರಂಥ, ಹೇಬೆಲ ಪಾಪ ಮಾಡಿದ್ದರೆ ಅದನ್ನೂ ಬರೆಯುತ್ತಿತ್ತು ಅಂದ.

ಅದಕ್ಕೆ ಆಗಿನ ಬಿಷಪ್ ಅಗಸ್ಟೀನ್ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಹೇಬೆಲ ಒಂದು ದಿನ ಅತಿಯಾಗಿ ನಕ್ಕಿರಬಹುದು, ಆಸೆಬುರುಕತನದಿಂದ ಹಣ್ಣು ಕಿತ್ತಿರಬಹುದು, ಹೊಟ್ಟೆ ಕೆಡುವಷ್ಟು ತಿಂದಿರಬಹುದು, ಪ್ರಾರ್ಥನೆ ಮಾಡುವಾಗ ಮನಸ್ಸು ಎಲ್ಲೋ ಹೋಗಿರಬಹುದು, ಇದನ್ನೆಲ್ಲ ಯಾರು ಬರೆದಿಡುತ್ತಾರೆ ಅಂತ. ಈ ಸಂತರನ್ನೆಲ್ಲ ಬದುಕಿದ್ದಾಗ ಒಂದೆಡೆ ಸೇರಿಸಿ ಕೇಳಿದ್ದರೆ, ನಮಗೆ ಪಾಪವಿಲ್ಲ ಅಂದರೆ ನಮ್ಮನ್ನೇ ನಾವು ಮೋಸಪಡಿಸಿಕೊಳ್ಳುತ್ತೇವೆ ಅಂತ ಒಂದೇ ದನಿಯಲ್ಲಿ ಹೇಳುತ್ತಿದ್ದರು ಅಂದ. ಅದು 1 ಯೋಹಾನ 1:8ರ ಮಾತು. ಮರಿಯಳನ್ನು ಮಾತ್ರ ಅವನು ಈ ಪ್ರಶ್ನೆಗೆ ಎಳೆಯಲಿಲ್ಲ, ಕರ್ತನ ಗೌರವಕ್ಕಾಗಿ. ಇದನ್ನು ಮೊಂತಿಹೂವು ಅವರಿಗೆ ನ್ಯಾಯವಾಗಿ ಹೇಳಲೇಬೇಕು.

ಮುಂದೆ 418ರಲ್ಲಿ ಕಾರ್ತೇಜಿನ ಸಭೆ ಒಂದು ಸೂಕ್ಷ್ಮ ಮಾತು ಹೇಳಿತು. ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ಸಂತರು ಪ್ರಾರ್ಥಿಸುವುದು ಬರೀ ವಿನಯಕ್ಕಲ್ಲ, ನಿಜವಾಗಿಯೇ ಅಂತ. ದಾನಿಯೇಲನಲ್ಲಿ ಒಂದು ತಪ್ಪೂ ಬರೆದಿಲ್ಲ. ಆದರೂ 9:20ರಲ್ಲಿ ನನ್ನ ಪಾಪವನ್ನೂ ನನ್ನ ಜನರ ಪಾಪವನ್ನೂ ಅರಿಕೆ ಮಾಡುತ್ತಿದ್ದೆ ಅನ್ನುತ್ತಾನೆ. 'ನನ್ನ' ಅನ್ನುವುದು ಮೊದಲು ಬರುತ್ತದೆ.

ಮಲ್ಲಿಗೆಬಳ್ಳಿ

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನಾನು ಹುಬ್ಬಳ್ಳಿಯವಳು. ನನ್ನ ಎರಡನೇ ಮಗು ಹುಟ್ಟಿ ನಾಲ್ಕು ದಿನಕ್ಕೆ ಹೋಯಿತು. ದೀಕ್ಷಾಸ್ನಾನ ಆಗಿರಲಿಲ್ಲ. ಮಣ್ಣು ಮಾಡಿ ಬಂದ ದಿನ ಸಭೆಯ ಹಿರಿಯರೊಬ್ಬರು, ಪಾಪದಲ್ಲಿ ಹುಟ್ಟಿದ ಮಗು ಪಾಪದಲ್ಲೇ ಹೋಯಿತು, ನೀವು ಬೇಗ ಮಾಡಿಸಬೇಕಿತ್ತು ಅಂದರು. ಆರು ವರ್ಷ ಆಯಿತು. ನಾನು ಆಮೇಲೆ ಗುಡಿಯ ಮೆಟ್ಟಿಲು ಹತ್ತಿಲ್ಲ.

ನೀವು ನೋಹ, ಯೋಬ, ಮರಿಯಮ್ಮ ಎಲ್ಲರನ್ನೂ ಹೇಳಿದಿರಿ. ನಾಲ್ಕು ದಿನದ ಮಗು ಏನು ಪಾಪ ಮಾಡಿತ್ತು? ಪಾಪ ಮಾಡದವರ ಲೆಕ್ಕದಲ್ಲಿ ಅದು ಬರುವುದಿಲ್ಲವಾ?

ಧಾರವಾಡದ ಟೀಚರ್

ಅಕ್ಕಾ. ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಆ ಮಾತು ನಿಮಗೆ ಹೇಳಬಾರದಿತ್ತು. ಆ ದಿನವಂತೂ ಯಾರೂ ಹೇಳಬಾರದಿತ್ತು.

ನಿಮ್ಮ ಮಗು ಒಂದು ಪಾಪವನ್ನೂ ಮಾಡಿರಲಿಲ್ಲ. ಇದನ್ನು ನಾನು ಬೈಬಲ್ ಹಿಡಿದೇ ಹೇಳುತ್ತೇನೆ. ರೋಮಾಪುರ 9:11ರಲ್ಲಿ ಪೌಲ, ಇನ್ನೂ ಹುಟ್ಟದ ಯಾಕೋಬ ಏಸಾವರು ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡಿರಲಿಲ್ಲ ಅನ್ನುತ್ತಾನೆ. ಧರ್ಮೋಪದೇಶಕಾಂಡ 1:39ರಲ್ಲಿ ಒಳ್ಳೆಯದು ಕೆಟ್ಟದ್ದು ತಿಳಿಯದ ಮಕ್ಕಳು ವಾಗ್ದಾನದ ದೇಶಕ್ಕೆ ಹೋಗುತ್ತಾರೆ, ತಪ್ಪು ಮಾಡಿದ ದೊಡ್ಡವರು ಹೊರಗುಳಿಯುತ್ತಾರೆ. ದಾವೀದನ ಮಗು ಏಳನೇ ದಿನ ಸತ್ತಾಗ ಅವನು, ಅದು ನನ್ನ ಬಳಿಗೆ ಬರುವುದಿಲ್ಲ, ನಾನೇ ಅದರ ಬಳಿಗೆ ಹೋಗುತ್ತೇನೆ ಅಂದ.

ನಿವೃತ್ತ ಸಭಾಪಾಲಕ, ಉಡುಪಿ

ತಾಯೀ, ನಾನು ಸಭಾಪಾಲಕನಾಗಿದ್ದವನು. ನಮ್ಮಂಥವರ ಕಡೆಯಿಂದ ಕ್ಷಮೆ ಕೇಳುತ್ತೇನೆ.

ಕೀರ್ತನೆ 51:5ರಲ್ಲಿ ದಾವೀದ ಹುಟ್ಟುವಾಗಲೇ ಪಾಪಿ ಅನ್ನುವುದು ತನ್ನ ಬಗ್ಗೆ, ಬತ್ಷೆಬೆಯ ವಿಷಯದಲ್ಲಿ ಎದೆಯೊಡೆದು ಅಳುತ್ತಾ. ಅದನ್ನು ಇನ್ನೊಬ್ಬರ ಕೂಸಿನ ಮೇಲೆ ಹೊರಿಸಲು ಬರೆದದ್ದಲ್ಲ. ಹುಟ್ಟಿನಿಂದ ಬರುವ ಪಾಪದ ಸ್ವಭಾವವನ್ನು ನಾನು ನಂಬುತ್ತೇನೆ. ಆದರೆ ಮಾಡಿದ ಪಾಪ ಬೇರೆ, ಅದು ಕೂಸಿಗೆ ಇಲ್ಲ. ಮಗ ತಂದೆಯ ಪಾಪದ ಫಲ ಹೊರುವುದಿಲ್ಲ ಅಂತ ಯೆಹೆಜ್ಕೇಲ 18:20 ಹೇಳುತ್ತದೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಇವನ ಪಾಪವೋ ಅಪ್ಪ ಅಮ್ಮನ ಪಾಪವೋ ಅಂತ ಕೇಳಿದರು. ಯೇಸು ಎರಡೂ ಅಲ್ಲ ಅಂದರು.

ಮೊಂತಿಹೂವು, ಮಂಗಳೂರು

ಅಕ್ಕಾ, ನಮ್ಮಲ್ಲೂ ಬಹಳ ಕಾಲ ಇಂಥ ಮಕ್ಕಳು ಯಾತನೆಯೂ ಇಲ್ಲದ, ದೇವರ ದರ್ಶನವೂ ಇಲ್ಲದ ಲಿಂಬೊ ಎಂಬಲ್ಲಿ ಇರುತ್ತವೆ ಅಂತ ಕಲಿಸುತ್ತಿದ್ದರು. ಅದು ಎಂದೂ ಕಡ್ಡಾಯ ನಂಬಿಕೆ ಆಗಿರಲಿಲ್ಲ. 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರ ಆಯೋಗ ಇದನ್ನೇ ಕೂತು ಯೋಚಿಸಿ, ಇಂಥ ಮಕ್ಕಳೂ ದೇವರನ್ನು ಸೇರುತ್ತವೆ ಎಂದು ಆಶಿಸಲು ಗಟ್ಟಿ ಕಾರಣಗಳಿವೆ ಅಂತ ಬರೆಯಿತು. ಈ ವರ್ಷ ಮೊಂತಿ ಹಬ್ಬಕ್ಕೆ ನಿಮ್ಮ ಮಗುವಿನ ಹೆಸರಲ್ಲೂ ಹೂವು ಇಡುತ್ತೇನೆ. ನಿಮಗೆ ಒಪ್ಪಿಗೆಯಾ?

ಭಟ್ಕಳದ ಓದುಗ

ನಮ್ಮಲ್ಲಿ ಪ್ರತಿ ಮಗುವೂ ಫಿತ್ರತ್ ಮೇಲೆ, ಅಂದರೆ ಶುದ್ಧ ಸ್ವಭಾವದಲ್ಲಿ ಹುಟ್ಟುತ್ತದೆ ಅನ್ನುತ್ತೇವೆ ಸಹೋದರಿ. ನಿಮಗಾಗಿ ದುಆ ಮಾಡುತ್ತೇನೆ.

ಮಲ್ಲಿಗೆಬಳ್ಳಿ

ಹೂವು ಇಡಿ ಅಕ್ಕ. ಬಿಳಿ ಹೂವು ಇದ್ದರೆ ಒಳ್ಳೆಯದು.

ಧಾರವಾಡದ ಟೀಚರ್

ಇವತ್ತು ಕ್ಲಾಸ್ ಮುಗಿಸಿ ಬಂದು ಬರೆಯುತ್ತಿದ್ದೇನೆ. ಕವಣೆಯ ಕಥೆಯಿಂದ ಶುರು ಮಾಡಿದೆ. ಗಂಡುಮಕ್ಕಳಿಗೆ ಕೂದಲೆಳೆಯ ಗುರಿ ತುಂಬ ಹಿಡಿಸಿತು. ಆಮೇಲೆ ನೋಹ, ಅಬ್ರಹಾಮ. ತಪ್ಪಿಲ್ಲದವನು ಅಂದರೆ ಮನಸ್ಸು ಎರಡು ಮಾಡದವನು ಅಂತ ಹೇಳಿದೆ. ಮರಿಯಳ ವಿಷಯದಲ್ಲಿ ಸಭೆಗಳು ಬೇರೆ ಬೇರೆ ನಂಬುತ್ತವೆ ಅನ್ನುವುದನ್ನೂ ಮುಚ್ಚಿಡದೆ ಹೇಳಿದೆ.

ಆ ಹುಡುಗಿ ಎಲ್ಲ ಕೇಳಿಸಿಕೊಂಡು, 'ಹಾಗಾದ್ರೆ ಜಕರೀಯನಿಗೆ ಮಾತು ವಾಪಸ್ ಬಂದಾಗ ಮೊದಲು ಏನಂದ ಟೀಚರ್?' ಅಂದಳು. ನಾವೆಲ್ಲ 64ನೇ ವಚನ ತೆಗೆದು ಓದಿದೆವು. ದೇವರನ್ನು ಕೊಂಡಾಡಿದ ಅಂತ ಇದೆ. ಅವಳು ಪೆನ್ಸಿಲಿನಿಂದ ಅದರ ಕೆಳಗೆ ಗೆರೆ ಎಳೆದಳು.

ಮುಂದಿನ ವಾರ ಯೋಹಾನ 9 ಇಟ್ಟುಕೊಂಡಿದ್ದೇನೆ.

ಮಲ್ಲಿಗೆಬಳ್ಳಿ

ಟೀಚರ್, ನಿಮ್ಮ ಕ್ಲಾಸ್ ಎಷ್ಟು ಗಂಟೆಗೆ? ನನ್ನ ದೊಡ್ಡ ಮಗಳಿಗೆ ಈಗ ಒಂಬತ್ತು ವರ್ಷ. ಅವಳನ್ನು ಕರಕೊಂಡು ಬಂದರೆ ನಾನೂ ಹಿಂದಿನ ಬೆಂಚಲ್ಲಿ ಕೂತುಕೊಳ್ಳಬಹುದಾ?

ಧಾರವಾಡದ ಟೀಚರ್

ಒಂಬತ್ತೂವರೆಗೆ ಅಕ್ಕ. ವಿಳಾಸ ಬೇರೆಯಾಗಿ ಕಳಿಸುತ್ತೇನೆ. ಇಬ್ಬರೂ ಬನ್ನಿ, ಗೇಟಿನ ಹತ್ತಿರ ಕಾಯುತ್ತಿರುತ್ತೇನೆ.